ಮರಳಿನಿಂದ ಏಣಿವರೆಗೆ: ಬೆರಳಲ್ಲಿ ಕಲಿತವರ ಕಥೆ

ಭಾಗ 1/9

"ಓ, ನೀನು ನಲಿಕಲಿ ಬ್ಯಾಚಾ? ಹಾಗಾದ್ರೆ ಆಟ ಆಡ್ಕೊಂಡೇ ಪಾಸಾಗಿದ್ದೀಯ ಬಿಡು!"

ಕಾಲೇಜಲ್ಲಿ ಈ ಮಾತು ಯಾರಾದ್ರೂ ನಿಮಗೆ ಹೇಳಿದ್ದಾರಾ? ನನಗೆ ಹೇಳಿದ್ದಾರೆ. ಆಗ ನಕ್ಕು ಸುಮ್ಮನಾದೆ. ಆಮೇಲೆ ಯೋಚನೆ ಬಂತು: ಸರ್ಕಾರಿ ಶಾಲೆಯಲ್ಲಿ ನೆಲದ ಮೇಲೆ ಕೂತು, ಕಾರ್ಡ್ ಹಿಡಿದು, ಕಡ್ಡಿ ಕಲ್ಲು ಎಣಿಸಿ ಕಲಿತಿದ್ದು ನಿಜವಾಗಲೂ ಕಮ್ಮಿ ಕಲಿಕೆನಾ? ಈ ಪದ್ಧತಿ ಎಲ್ಲಿಂದ ಬಂತು?

ಹುಡುಕುತ್ತಾ ಹೋದ್ರೆ ದಾರಿ ಬಳ್ಳಾರಿಗೆ, ಅದೂ 200 ವರ್ಷ ಹಿಂದಕ್ಕೆ ಕರ್ಕೊಂಡು ಹೋಯ್ತು. ಈ ಸರಣಿ ಆ ದಾರಿಯದ್ದು. ನಿಧಾನವಾಗಿ ಓದಿ.

ಭಾಗ 2/9

1822. ಮದರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಕಲೆಕ್ಟರುಗಳಿಗೆಲ್ಲ ಒಂದು ಕೆಲಸ ಹಚ್ಚಿದ: ನಿಮ್ಮ ಜಿಲ್ಲೆಯಲ್ಲಿ ಎಷ್ಟು ಶಾಲೆ ಇವೆ, ಎಷ್ಟು ಮಕ್ಕಳು ಓದುತ್ತಾರೆ, ಲೆಕ್ಕ ಕಳಿಸಿ.

ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಬರೆದ. ಆಗಿನ ಬಳ್ಳಾರಿ ಜಿಲ್ಲೆ ಈಗಿನಷ್ಟೇ ಅಲ್ಲ, ಅನಂತಪುರದ ಸೀಮೆಯೂ ಅದರಲ್ಲೇ ಇತ್ತು. ಜನಸಂಖ್ಯೆ 9,27,857. ಶಾಲೆಗಳು 533. ಮಕ್ಕಳು 6,641. ಅದರಲ್ಲಿ ಕನ್ನಡ ಕಲಿಸುವ ಶಾಲೆ 235, ತೆಲುಗಿನವು 226. ಇಂಗ್ಲಿಷ್ ಕಲಿಸುತ್ತಿದ್ದದ್ದು ಎಷ್ಟು ಶಾಲೆಯಲ್ಲಿ ಗೊತ್ತಾ? ಒಂದೇ ಒಂದು.

ಕ್ಯಾಂಪ್‌ಬೆಲ್ ಬರೀ ಲೆಕ್ಕ ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ. ತರಗತಿ ಒಳಗೆ ಏನು ನಡೆಯುತ್ತೆ ಅಂತಲೂ ವಿವರವಾಗಿ ಬರೆದ. ನಮಗೆ ಬೇಕಾಗಿರೋದು ಅದು.

ಭಾಗ 3/9

ಶಾಲೆ ಬೆಳಗ್ಗೆ 6 ಗಂಟೆಗೆ ಶುರು. ಮೊದಲು ಬಂದ ಮಗುವಿನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು, ಅದು ಮರ್ಯಾದೆ. ಎರಡನೆಯವನ ಅಂಗೈಗೆ ಸೊನ್ನೆ, ಅಂದ್ರೆ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು. ನಾಲ್ಕನೆಯವನಿಗೆ ಎರಡು. ಹೀಗೆ ಏರುತ್ತಾ ಹೋಗುತ್ತೆ. ಲೇಟಾಗಿ ಬರೋ ನಮ್ಮಂಥವರ ಗತಿ ನೀವೇ ಊಹಿಸಿ.

ಮಗು ಶಾಲೆಗೆ ಸೇರಿದ ಮೇಲೆ ಮೊದಲ ಕೆಲಸ ಅಕ್ಷರ. ಆದರೆ ಬಾಯಲ್ಲಿ ಹೇಳಿಸೋದಲ್ಲ. ನೆಲದ ಮೇಲೆ ಮರಳು ಹರಡಿ, ಬೆರಳಲ್ಲಿ ಬರೆಸೋದು. ಯುರೋಪಿನಲ್ಲಿ ಮಕ್ಕಳು ಅಕ್ಷರವನ್ನ ಉಚ್ಚರಿಸಿ ಕಲಿಯುತ್ತಾರೆ, ಇಲ್ಲಿ ಬರೆದು ಕಲಿಯುತ್ತಾರೆ ಅಂತ ಕ್ಯಾಂಪ್‌ಬೆಲ್ ಗುರುತಿಸಿ ಬರೆದಿದ್ದಾನೆ. ಕಣ್ಣು ಮತ್ತು ಕಿವಿಗಿಂತ ಮೊದಲು ಕೈಗೆ ಅಕ್ಷರ ಗೊತ್ತಾಗುತ್ತಿತ್ತು.

ನಿಮಗೆ ಚಿಕ್ಕಂದಿನಲ್ಲಿ ಅಕ್ಷರಾಭ್ಯಾಸ ಮಾಡಿಸಿದ್ದರೆ ಅಕ್ಕಿ ಹರಡಿದ ತಟ್ಟೆ ನೆನಪಿಸಿಕೊಳ್ಳಿ. ಯಾರೋ ನಿಮ್ಮ ಬೆರಳು ಹಿಡಿದು ಅಕ್ಕಿಯಲ್ಲಿ ಎಳೆದಿರುತ್ತಾರೆ. ಇವತ್ತು ಅದು ಒಂದು ದಿನದ ಶಾಸ್ತ್ರ. ಆಗ ಅದೇ ದಿನನಿತ್ಯದ ಪಾಠ.

ಭಾಗ 4/9

ಮರಳಲ್ಲಿ ಕೈ ಪಳಗಿದ ಮೇಲೆ ಬಡ್ತಿ. ಓಲೆಗರಿ ಮೇಲೆ ಕಬ್ಬಿಣದ ಕಂಠದಿಂದ ಬರೆಯಬಹುದು, ಇಲ್ಲವೇ ಕಾಗದದ ಮೇಲೆ ಲಾಳದ ಕಡ್ಡಿಯಿಂದ. ಆದರೆ ಆ ಕಡೆ ಹೆಚ್ಚು ಬಳಕೆಯಲ್ಲಿ ಇದ್ದದ್ದು ಎರಡು: ಹಲಗೆ ಮತ್ತು ಕಡತ.

ಹಲಗೆ ಅಂದ್ರೆ ಸುಮಾರು 3 ಅಡಿ ಉದ್ದ, 1 ಅಡಿ ಅಗಲದ ನುಣುಪು ಮರ. ಮೇಲೆ ಸ್ವಲ್ಪ ಅನ್ನ ಮತ್ತು ಇದ್ದಿಲ ಪುಡಿ ಸವರಿದರೆ ಬೋರ್ಡ್ ರೆಡಿ.

ಕಡತ ಇನ್ನೂ ಚೆನ್ನಾಗಿದೆ. ಬಟ್ಟೆಗೆ ಗಂಜಿ ಹಾಕಿ ಗಟ್ಟಿ ಮಾಡಿ, ಪುಸ್ತಕದ ಹಾಗೆ ಮಡಚಿ, ಮೇಲೆ ಇದ್ದಿಲು ಮತ್ತು ಅಂಟು ಬಳಿಯುತ್ತಿದ್ದರು. ಬಳಪದಲ್ಲಿ ಬರೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಬರೆಯೋದು. ಈಗ ಕಡತ ಅಂದ್ರೆ ಆಫೀಸಿನಲ್ಲಿ ಮುಂದಕ್ಕೆ ಹೋಗದ ಫೈಲು! ಆಗ ಅದು ಮಗುವಿನ ಕೈಲಿ ದಿನಕ್ಕೆ ಹತ್ತು ಸಲ ಹೊಸದಾಗುತ್ತಿದ್ದ ವಸ್ತು.

ಇದರಲ್ಲಿ ಒಂದು ದೊಡ್ಡ ವಿಷಯ ಅಡಗಿದೆ. ಮರಳು, ಹಲಗೆ, ಕಡತ, ಮೂರರಲ್ಲೂ ತಪ್ಪು ಅಳಿಸಿಹೋಗುತ್ತೆ. ಕೆಂಪು ಶಾಯಿಯ ಗುರುತು ಉಳಿಯಲ್ಲ. ತಪ್ಪು ಬರೆದರೆ ಕೈ ಆಡಿಸು, ಮತ್ತೆ ಬರಿ, ಅಷ್ಟೇ.

ಭಾಗ 5/9

ಇನ್ನೊಂದು ಗಮನಿಸಿ. ಆ ಶಾಲೆಯಲ್ಲಿ ಮಕ್ಕಳನ್ನ ವಯಸ್ಸು ನೋಡಿ ಕೂರಿಸುತ್ತಿರಲಿಲ್ಲ. ಸಾಮಾನ್ಯವಾಗಿ ನಾಲ್ಕು ಗುಂಪು. ಯಾರಿಗೆ ಎಷ್ಟು ಬರುತ್ತೋ ಅದರ ಮೇಲೆ ಮುಂದಿನ ಗುಂಪಿಗೆ ಹೋಗೋದು. ಕೆಳಗಿನ ಗುಂಪುಗಳನ್ನ ಹೆಚ್ಚು ಕಲಿತ ಮಕ್ಕಳೇ ನೋಡಿಕೊಳ್ಳುತ್ತಿದ್ದರು. ಕಲಿಸುತ್ತಾ ಕಲಿಸುತ್ತಾ ಅವರ ಪಾಠವೂ ಗಟ್ಟಿಯಾಗುತ್ತಿತ್ತು.

ಇದನ್ನ ಇಂಗ್ಲೆಂಡ್ ಆಗಲೇ ನಕಲು ಮಾಡಿತ್ತು! 1789ರಲ್ಲಿ ಆಂಡ್ರ್ಯೂ ಬೆಲ್ ಅನ್ನೋ ಪಾದ್ರಿ ಮದರಾಸಿನ ಅನಾಥ ಹುಡುಗರ ಶಾಲೆಯ ಮೇಲ್ವಿಚಾರಕನಾದ. ಊರ ಶಾಲೆಯೊಂದರಲ್ಲಿ ಮಕ್ಕಳು ಮರಳಲ್ಲಿ ಬರೆಯೋದನ್ನ ನೋಡಿದ. ತನ್ನ ಶಾಲೆಯಲ್ಲೂ ಮರಳು ತರಿಸಿದ. ದೊಡ್ಡವರಿಗೆ ಹೀಗೆ ಕಲಿಸೋಕೆ ಮನಸ್ಸಿಲ್ಲದಿದ್ದಾಗ 8 ವರ್ಷದ ಹುಡುಗನೊಬ್ಬನಿಗೆ ಚಿಕ್ಕವರ ಪಾಠ ವಹಿಸಿದ. ಅದು ಫಲ ಕೊಟ್ಟಿತು. 1797ರಲ್ಲಿ ಲಂಡನ್ನಿನಲ್ಲಿ ಇದರ ಬಗ್ಗೆ ಪುಸ್ತಕ ಪ್ರಕಟಿಸಿದ. ಆ ಪದ್ಧತಿಗೆ ಬಿದ್ದ ಹೆಸರೇ ಮದರಾಸು ಪದ್ಧತಿ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಲ್ಲಿ ಅವನ ಹಣದಿಂದ ಕಟ್ಟಿದ ಶಾಲೆಯ ಹೆಸರು ಇವತ್ತಿಗೂ ಮದರಾಸ್ ಕಾಲೇಜ್.

ಭಾಗ 6/9

ಇಲ್ಲಿಗೆ ನಿಲ್ಲಿಸಿದರೆ "ನಮ್ಮ ಹಿರಿಯರಿಗೆ ಎಲ್ಲಾ ಗೊತ್ತಿತ್ತು" ಅಂತ ಶೇರ್ ಮಾಡೋ ಪೋಸ್ಟ್ ಆಗುತ್ತೆ. ಆದರೆ ಅದೇ ವರದಿಯ ಮಿಕ್ಕ ಸಾಲುಗಳನ್ನೂ ಓದಬೇಕು.

6,641 ಮಕ್ಕಳಲ್ಲಿ ಹುಡುಗಿಯರು ಎಷ್ಟು? 60. ಅಷ್ಟೇ. ಇಡೀ ಜಿಲ್ಲೆಯ ಜನರಲ್ಲಿ ಸಾವಿರಕ್ಕೆ ಸುಮಾರು 7 ಜನ ಮಾತ್ರ ಶಾಲೆಯಲ್ಲಿದ್ದರು. ಮರಳು ಪುಕ್ಕಟೆ ಸಿಗುತ್ತೆ, ಆದರೆ ಮರಳ ಮುಂದೆ ಕೂರುವ ಜಾಗ ಪುಕ್ಕಟೆ ಸಿಗುತ್ತಿರಲಿಲ್ಲ.

ಇನ್ನೊಂದು ದೂರು: ಮಕ್ಕಳು ರಾಶಿ ಪದ್ಯ ಬಾಯಿಪಾಠ ಹೇಳುತ್ತಾರೆ, ಅರ್ಥ ಮಾತ್ರ ಗಿಳಿಗೆ ಗೊತ್ತಿರುವಷ್ಟೇ. ಅಂದ್ರೆ ಅಕ್ಷರ ಕೈಯಿಂದ ಬಂತು, ಆಮೇಲಿನ ಓದು ಮತ್ತೆ ಬಾಯಿಗೆ ಹೋಯ್ತು.

ಮೂರನೆಯದು ಬಡತನ. ವಿಲಾಯತಿ ಬಟ್ಟೆ ಬಂದು ಇಲ್ಲಿನ ಕೈಕಸುಬಿನವರ ಸಂಪಾದನೆ ಕುಸಿದಿದೆ, ಮಕ್ಕಳನ್ನ ಓದಿಸುವ ಶಕ್ತಿ ಜನರಿಗಿಲ್ಲ ಅಂತ ಕ್ಯಾಂಪ್‌ಬೆಲ್ ಬರೆದ. 533 ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲ, ಇದನ್ನ ಹೇಳೋಕೆ ನನಗೆ ನಾಚಿಕೆಯಾಗುತ್ತೆ ಅಂತಲೂ ಒಪ್ಪಿಕೊಂಡ. ಹೇಳಿದ್ದು ಕಂಪನಿ ಸರ್ಕಾರದ್ದೇ ಕಲೆಕ್ಟರ್!

ಭಾಗ 7/9

ಆಮೇಲೆ ಸರ್ಕಾರ ಶಾಲೆಗೆ ಬಂತು, ಆದರೆ ಜೊತೆಗೆ ಇನ್ಸ್‌ಪೆಕ್ಟರೂ ಬಂದ. 1854ರ ನಂತರ ಶಿಕ್ಷಣ ಇಲಾಖೆಗಳು ಹುಟ್ಟಿದವು. 1860ರ ದಶಕದಿಂದ ಬೊಂಬಾಯಿ, ಮದರಾಸು ಪ್ರಾಂತ್ಯಗಳಲ್ಲಿ ಪರೀಕ್ಷೆಯ ಫಲಿತಾಂಶ ನೋಡಿ ಶಾಲೆಗೆ ಅನುದಾನ ಕೊಡುವ ಪದ್ಧತಿ ಶುರುವಾಯಿತು. ಒಂದೇ ಪುಸ್ತಕ, ಒಂದೇ ದಿನ, ಒಂದೇ ಪರೀಕ್ಷೆ. ಮೇಷ್ಟ್ರು ಬೋರ್ಡಿನ ಕಡೆ, ಮಕ್ಕಳು ಮೇಷ್ಟ್ರ ಕಡೆ. ಕೈಗೆ ಉಳಿದ ಕೆಲಸ ಕಾಪಿ ಬರೆಯೋದು.

ನಡುವೆ ಇದನ್ನ ಬದಲಿಸೋಕೆ ಹೊರಟವರು ಇಲ್ಲದೇ ಇಲ್ಲ. 1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಸೇರಿಸಿದ ಸಮ್ಮೇಳನ ಕೈಕಸುಬಿನ ಮೂಲಕವೇ ಪಾಠ ಆಗಬೇಕು ಅಂದಿತು. ನೂಲುತ್ತಾ ಲೆಕ್ಕ, ತೋಟ ಮಾಡುತ್ತಾ ವಿಜ್ಞಾನ. ಆದರೆ ಅಪ್ಪ ಅಮ್ಮಂದಿರ ಕಣ್ಣು ಬೇರೆ ಕಡೆ ಇತ್ತು. ಮಗ ಗುಮಾಸ್ತನಾಗಲಿ ಅಂತ ಶಾಲೆಗೆ ಕಳಿಸಿದರೆ ನೂಲೋದು ಯಾಕೆ ಅನ್ನಿಸಿತು. ಅವರದ್ದೂ ತಪ್ಪಲ್ಲ. ತಲೆಮಾರುಗಳಿಂದ ಕೈಕೆಲಸ ಮಾಡಿಯೇ ಸುಸ್ತಾದವರು ಮಕ್ಕಳಿಗೆ ಪುಸ್ತಕ ಕೇಳಿದರು.

ಭಾಗ 8/9

ಈಗ ಬನ್ನಿ 1995ಕ್ಕೆ, ಮೈಸೂರು ಜಿಲ್ಲೆಯ ಎಚ್. ಡಿ. ಕೋಟೆಗೆ. ಕಬಿನಿ ಹಿನ್ನೀರು, ಕಾಡಂಚಿನ ಹಾಡಿಗಳು, ಒಬ್ಬರೇ ಮೇಷ್ಟ್ರು ಹಲವು ತರಗತಿ ನಡೆಸುವ ಶಾಲೆಗಳು. ಕೂಲಿಗೆ ಕೊಡಗಿನ ತೋಟಕ್ಕೆ ಹೋಗುವ ಅಪ್ಪ ಅಮ್ಮನ ಜೊತೆ ಮಗುವೂ ಹೋದರೆ ವಾಪಸ್ ಬರುವಷ್ಟರಲ್ಲಿ ಪಾಠ ಎಲ್ಲೋ ಮುಂದೆ ಹೋಗಿರುತ್ತೆ. ಮಗು ಹಿಂದೆ ಕೂರುತ್ತೆ, ಆಮೇಲೆ ಬರೋದೇ ನಿಲ್ಲಿಸುತ್ತೆ.

ಇಲ್ಲಿಂದ ಸರ್ಕಾರಿ ಶಿಕ್ಷಕರ ಒಂದು ತಂಡ ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿಗೆ ಹೋಯ್ತು. ಅಲ್ಲಿನ ಗ್ರಾಮೀಣ ಶಿಕ್ಷಣ ಕೇಂದ್ರ ಸುತ್ತಲಿನ ಹಳ್ಳಿ ಮಕ್ಕಳಿಗಾಗಿ ಕಾರ್ಡ್ ಮತ್ತು ಕಲಿಕೆಯ ಏಣಿ ತಯಾರಿಸಿತ್ತು. ನಮ್ಮ ಶಿಕ್ಷಕರು ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ, ಕನ್ನಡದಲ್ಲಿ ತಾವೇ ಕಾರ್ಡ್ ಬರೆದರು. ಅದೇ ನಲಿಕಲಿ.

ಗೋಡೆ ಮೇಲೆ ಏಣಿಯ ಚಿತ್ರ. ಒಂದೊಂದು ಮೆಟ್ಟಿಲಿಗೂ ಒಂದು ಗುರುತು. ನಿನ್ನ ಮೆಟ್ಟಿಲು ನೀನೇ ನೋಡಿಕೊಂಡು ಕಾರ್ಡ್ ತಗೋ. ಮೊದಲು ಟೀಚರ್ ಪಕ್ಕ ಕೂರು, ಆಮೇಲೆ ಗೆಳೆಯರ ಗುಂಪು, ಕೊನೆಗೆ ಒಬ್ಬನೇ ಮಾಡು. ಎರಡು ವಾರ ಬರಲಿಲ್ವಾ? ಪರವಾಗಿಲ್ಲ, ಬಿಟ್ಟ ಮೆಟ್ಟಿಲಿಂದಲೇ ಹತ್ತು. ಗೋಡೆಯ ಕೆಳಗಡೆ ಮಕ್ಕಳಿಗೆ ಕೈಗೆಟುಕುವ ಕಪ್ಪುಹಲಗೆ, ತಲೆ ಮೇಲೆ ಮಕ್ಕಳದ್ದೇ ಚಿತ್ರ ನೇತುಹಾಕಿದ ಚಪ್ಪರ.

ಅಕ್ಷರಗಳ ಸಾಲೂ ಬದಲಾಯ್ತು. ಅ ಆ ಇ ಈ ಅಲ್ಲ, ಮೊದಲು ರ ಗ ಸ ದ ಅ. ಯಾಕೆ? ಈ ಐದೇ ಅಕ್ಷರ ಬಂದರೆ ಸರ, ಅರಸ, ಅಗಸ, ಗರಗಸ ಓದಬಹುದು. ಮೈಸೂರು ಕಡೆ ಮಗುವಿಗೆ ಇನ್ನೇನು ಬೇಕು, ದಸರ ಕೂಡ ಬಂತಲ್ಲ! ಐವತ್ತು ಅಕ್ಷರ ಮುಗಿಯೋವರೆಗೆ ಕಾಯದೇ ಐದಕ್ಕೇ ಮಗು ಓದೋಕೆ ಶುರು ಮಾಡುತ್ತೆ. ಗಿಳಿಪಾಠದ ದೂರಿಗೆ ಇಲ್ಲೊಂದು ಉತ್ತರ ಇದೆ: ಅಕ್ಷರ ಕೈಗೆ ಬಂದ ಮರುಗಳಿಗೆಯೇ ಅರ್ಥವೂ ಬರಬೇಕು.

2009-10ರಲ್ಲಿ ಇದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ 1 ಮತ್ತು 2ನೇ ತರಗತಿಗೆ ಬಂತು. ಮರುವರ್ಷ 3ನೇ ತರಗತಿಗೂ.

ಭಾಗ 9/9

ಈಗ ಎರಡು ಚಿತ್ರ ಪಕ್ಕಪಕ್ಕ ಇಟ್ಟು ನೋಡಿ. 1823: ಬೆರಳು, ಮರಳು, ಬಂದಷ್ಟಕ್ಕೆ ತಕ್ಕ ಗುಂಪು, ಚಿಕ್ಕವರಿಗೆ ಕಲಿಸುವ ದೊಡ್ಡ ಮಕ್ಕಳು. 1995: ಕಾರ್ಡ್, ಏಣಿ, ಬಂದಷ್ಟಕ್ಕೆ ತಕ್ಕ ಗುಂಪು, ಜೊತೆಯವರಿಂದ ಕಲಿಯುವ ಮಕ್ಕಳು. ಎಚ್. ಡಿ. ಕೋಟೆಯವರು ಬಳ್ಳಾರಿ ವರದಿ ಓದಿ ಇದನ್ನ ಮಾಡಿದರು ಅಂತ ನಾನು ಹೇಳ್ತಿಲ್ಲ. ಒಬ್ಬರೇ ಮೇಷ್ಟ್ರು, ಬೇರೆ ಬೇರೆ ಮಟ್ಟದ ಮಕ್ಕಳು ಒಂದೇ ಕೋಣೆಯಲ್ಲಿ ಇದ್ದಾಗ ದಾರಿ ಇದೇ ಅಂತ ಎರಡೂ ಕಾಲ ಕಂಡುಕೊಂಡಿವೆ.

ವ್ಯತ್ಯಾಸ ಒಂದೇ, ಆದರೆ ದೊಡ್ಡದು. ಆಗ ಇಡೀ ಜಿಲ್ಲೆಯಲ್ಲಿ 60 ಹುಡುಗಿಯರು. ನನ್ನ ನಲಿಕಲಿ ಕೋಣೆಯಲ್ಲಿ ಹುಡುಗರು ಹುಡುಗಿಯರು ಒಂದೇ ಗುಂಪಲ್ಲಿ, ಒಂದೇ ಚಾಪೆ ಮೇಲೆ. ಅಂಗೈಗೆ ಏಟಿಲ್ಲ. ಫೀಸಿಲ್ಲ. ಹಳೆಯ ಶಾಲೆಗೆ ಕಲಿಸುವ ಉಪಾಯ ಗೊತ್ತಿತ್ತು, ಎಲ್ಲರನ್ನೂ ಕೂರಿಸಿಕೊಳ್ಳೋದು ಗೊತ್ತಿರಲಿಲ್ಲ.

ನಲಿಕಲಿಯಲ್ಲಿ ಎಲ್ಲಾ ಸರಿ ಇತ್ತು ಅಂತಲೂ ಅಲ್ಲ. ಕಾರ್ಡ್ ಕಳೆದುಹೋದ ಶಾಲೆಯಲ್ಲಿ ಏಣಿ ಬರೀ ಗೋಡೆ ಚಿತ್ರ. ಒಬ್ಬರೇ ಟೀಚರ್ ಕೈಗೆ ಮೂರು ತರಗತಿ ಕೊಟ್ಟು, ಮೇಲೆ ದಾಖಲೆ ಬರೆಯುವ ಕೆಲಸವನ್ನೂ ಹೇರಿದರೆ, ಮಗುವಿನ ಪಕ್ಕ ಕೂರೋಕೆ ಅವರಿಗೆ ಹೊತ್ತೆಲ್ಲಿ? ಅಕ್ಕಪಕ್ಕದವರು "ಅಲ್ಲಿ ಬರೀ ಆಟ" ಅಂದಾಗ ಎಷ್ಟೋ ಮನೆಯವರು ಹೊಟ್ಟೆ ಬಟ್ಟೆ ಕಟ್ಟಿ ಮಕ್ಕಳನ್ನ ವ್ಯಾನ್ ಹತ್ತಿಸಿದರು. ಹಾಗೆ ಮಕ್ಕಳು ಕಮ್ಮಿಯಾದ ಶಾಲೆಗೆ ಬೀಗ ಬೀಳೋ ಭಯ ಇದ್ದೇ ಇದೆ. ಆ ಊರಲ್ಲಿ ವ್ಯಾನ್ ಫೀಸ್ ಕಟ್ಟೋಕಾಗದ ಮಗು ಯಾವ ಏಣಿ ಹತ್ತಬೇಕು?

ಅದಕ್ಕೇ ಆ ತಮಾಷೆಗೆ ಈಗ ನಾನು ನಗಲ್ಲ. ಮುಂದಿನ ಸಲ ಯಾರಾದ್ರೂ "ಆಟ ಆಡ್ಕೊಂಡು ಪಾಸಾದವರು" ಅಂದ್ರೆ ಹೇಳಿ: ಹೌದು, ಕೈಯಲ್ಲಿ ಕಲಿತೆ. ಬಳ್ಳಾರಿಯಲ್ಲಿ 200 ವರ್ಷದ ಹಿಂದೆ ಹೀಗೇ ಕಲಿಯುತ್ತಿದ್ದರು, ಮದರಾಸಿನಲ್ಲಿ ಇದನ್ನ ನೋಡಿ ಇಂಗ್ಲೆಂಡ್ ಕಲಿತುಕೊಂಡಿತು.

ಊರಿಗೆ ಹೋದಾಗ ನೀವು ಓದಿದ ಶಾಲೆಗೆ ಒಂದು ಸಲ ಹೋಗಿ ಬನ್ನಿ. ಟೀಚರನ್ನ ಕೇಳಿಕೊಂಡು ಅರ್ಧ ಗಂಟೆ ಚಾಪೆ ಮೇಲೆ ಕೂತು, ಒಂದು ಮಗುವಿನ ಜೊತೆ ಒಂದು ಮೆಟ್ಟಿಲು ಹತ್ತಿ. ಮನೆಯಲ್ಲಿ ಚಿಕ್ಕವರಿದ್ದರೆ ತಟ್ಟೆಯಲ್ಲಿ ಸ್ವಲ್ಪ ರಾಗಿ ಹರಡಿ, ಬೆರಳಲ್ಲಿ "ಸರ" ಬರೆಸಿ. ತಪ್ಪಾದರೆ ತಟ್ಟೆ ಅಲ್ಲಾಡಿಸಿ. ಅಷ್ಟೇ.

ನೀವು ಮೊದಲು ಓದಿದ ಪದ ಯಾವುದು? ಕಾಮೆಂಟಲ್ಲಿ ಬರೀರಿ. ನನ್ನದು ಗರಗಸ. 👇

#ನಲಿಕಲಿ #ನಮ್ಮಶಾಲೆ #ಬಳ್ಳಾರಿ #ಎಚ್‌ಡಿಕೋಟೆ #ಕನ್ನಡಇತಿಹಾಸ #ಸರ್ಕಾರಿಶಾಲೆ