ಗಾಜಿನೊಳಗಿನ ಸಮುದ್ರ, ತಳದಲ್ಲಿರುವವರ ಊಟ

ಗೋದಾವರಿ ಹುಟ್ಟುವ ತ್ರ್ಯಂಬಕೇಶ್ವರದಿಂದ ಅರಬ್ಬಿ ಸಮುದ್ರ ಸುಮಾರು 80 ಕಿ.ಮೀ. ಅಷ್ಟೆ. ಆದರೂ ಈ ತಾಯಿ ಆ ಕಡೆ ಮುಖ ಹಾಕದೆ, ನಾಸಿಕ್, ಪೈಠಣ ದಾಟಿ 1,465 ಕಿ.ಮೀ. ನಡೆದು ಬಂಗಾಳ ಕೊಲ್ಲಿ ಸೇರುತ್ತಾಳೆ! ಹಾಗಾಗಿ ನಾಸಿಕ್‌, ಛತ್ರಪತಿ ಸಂಭಾಜಿನಗರ (2023ರವರೆಗೆ ಔರಂಗಾಬಾದ್) ಎರಡೂ ಸಿಹಿನೀರಿನ ಊರುಗಳು. ಇಲ್ಲಿ ಕಡಲ ಮೀನು ಸಾಕಬೇಕೆಂದರೆ ಉಪ್ಪಿನ ಪೊಟ್ಟಣ ತಂದು ಸಮುದ್ರವನ್ನೇ ಕಲಸಬೇಕು.

ಸಂಭಾಜಿನಗರದಲ್ಲಿರುವ ನನ್ನ ಸೋದರಳಿಯನಿಗೆ ಈಗ ಆ ಹುಚ್ಚು. ಅವನಿಗೆ ಬೇಕಾದದ್ದು ಗೋಬಿ. (ಮಂಚೂರಿ ನೆನಪಾದರೆ ತಪ್ಪು ನಿಮ್ಮದಲ್ಲ!) ಮರಳ ಮೇಲೆ ಕೂತಿರುವ ಬೆರಳುದ್ದದ ಮೀನು. ಹೊಟ್ಟೆಯಡಿಯ ಎರಡು ರೆಕ್ಕೆಗಳು ಕೂಡಿ ಪುಟ್ಟ ಬಟ್ಟಲಿನಂತಾಗಿರುತ್ತವೆ.

ಈ ಕುಲ ನಮಗೆ ಹೊಸದಲ್ಲ. ಟಿಪ್ಪು ಮಡಿದ ಮೇಲೆ 1800-01ರಲ್ಲಿ ಮೈಸೂರು, ಕೆನರಾ ಸೀಮೆ ಸುತ್ತಿ ಬೆಳೆ, ಸಂತೆ, ಸುಂಕ ಎಲ್ಲ ಬರೆದಿಟ್ಟ ಡಾ. ಫ್ರಾನ್ಸಿಸ್ ಬುಕನನ್ ಗೊತ್ತಲ್ಲ? ಅದೇ ಮನುಷ್ಯ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಲ್ಲಿ 1822ರಲ್ಲಿ ಗಂಗಾ ನದಿಯ ಮೀನುಗಳ ಪುಸ್ತಕ ಬರೆದ. ಗ್ಲಾಸೊಗೋಬಿಯಸ್ ಗಿಯುರಿಸ್ ಎಂಬ ಗೋಬಿಯನ್ನು ವರ್ಣಿಸಿದವನು ಅವನೇ. ಅದು ಹೊಳೆಯಲ್ಲೂ ಅಳಿವೆಯಲ್ಲೂ ಬದುಕುತ್ತದೆ, ಗೋದಾವರಿಯಲ್ಲೂ ಇದೆ. ಅದರ ಕಡಲ ದಾಯಾದಿಗಳಿಗೆ ಮಾತ್ರ ಸಿಹಿನೀರು ಒಗ್ಗದು.

ಕಡಲನ್ನು ಊರೊಳಗೆ ತರುವ ಪ್ರಯತ್ನ ಶುರುವಾದದ್ದು ಲಂಡನ್ನಿನಲ್ಲಿ. 1846ರಲ್ಲಿ ಅನ್ನಾ ಥಿನ್ ಎಂಬಾಕೆ ಕಡಲತೀರದಿಂದ ಹವಳದ ಜೀವಿಗಳನ್ನು ಮನೆಗೆ ತಂದಳು. ನೀರಿಗೆ ಗಾಳಿ ಸೇರಿಸಲು ಮನೆಯ ಕೆಲಸದಾಕೆ ದಿನವೂ ಕಿಟಕಿಯ ಬಳಿ ನಿಂತು ಆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಿದ್ದಳಂತೆ, ನಾವು ಚಹಾ ಆರಿಸಿದ ಹಾಗೆ! 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೊದಲ ಸಾರ್ವಜನಿಕ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ನಾಲ್ಕು ಬಗೆಯ ಲವಣ ಸೇರಿಸಿ ಕಡಲ ನೀರು ಮಾಡುವ ಕ್ರಮ ಕೊಟ್ಟ. ಇಂದಿನ ಪೊಟ್ಟಣದ ಅಜ್ಜ ಅದೇ.

ನಮ್ಮ ಕಡೆ 1951ರಲ್ಲಿ ಮುಂಬಯಿಯ ಮರೀನ್ ಡ್ರೈವ್‌ನಲ್ಲಿ ತಾರಾಪೋರವಾಲಾ ಮತ್ಸ್ಯಾಲಯ ಬಂತು. ಎದುರಿಗೇ ಕಡಲು, ನೀರಿಗೇನು ಬರ? 2015ರಲ್ಲಿ ನವೀಕರಿಸಿ ತೆರೆದಿದ್ದರು, ಕೋವಿಡ್ ಕಾಲದಲ್ಲಿ ಬಾಗಿಲು ಹಾಕಿತು.

ಗಾಳಿ ಆಯಿತು, ನೀರು ಆಯಿತು. ಉಳಿದದ್ದು ಊಟ. 1930ರ ದಶಕದಲ್ಲಿ ಉಪ್ಪಿನಾಗರಗಳ ಆರ್ಟೀಮಿಯಾ ಎಂಬ ಪುಟ್ಟ ಸಿಗಡಿಯ ಆಗಷ್ಟೇ ಒಡೆದ ಮರಿ ಮೀನುಮರಿಗಳಿಗೆ ಒಳ್ಳೆಯ ಆಹಾರ ಎಂದು ತಿಳಿಯಿತು. ಒಣಗಿಸಿದ ಮೊಟ್ಟೆಯನ್ನು ಉಪ್ಪುನೀರಿಗೆ ಹಾಕಿದರೆ ಒಂದು ದಿನದಲ್ಲಿ ಮರಿ ತಯಾರು. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಇನ್ನೊಂದು ದಾರಿ ತೋರಿಸಿದ: ಕಡಲಿನಿಂದ ಜೀವವಿರುವ ಕಲ್ಲನ್ನೇ ತಂದಿಡಿ, ನೀರನ್ನು ಅದರಲ್ಲಿರುವ ಜೀವಿಗಳೇ ನೋಡಿಕೊಳ್ಳುತ್ತವೆ. ಆ ಕಲ್ಲಿನ ಸಂದಿಯ ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳೇ ತಳದ ಮೀನಿಗೆ ಅನ್ನ.

ಇಷ್ಟಾದರೂ ತಳದ ಮೀನುಗಳು ಹಸಿವಿನಿಂದ ಸಾಯುವುದು ನಿಂತಿಲ್ಲ. ಮೇಲಿಂದ ಹಾಕಿದ್ದನ್ನು ಚುರುಕು ಮೀನುಗಳು ದಾರಿಯಲ್ಲೇ ಮುಗಿಸುತ್ತವೆ. ಸಾಲ ಮೇಳದ ದಿನಗಳನ್ನು ಕಂಡ ನಮಗೆ ಇದು ಹೊಸದೇ? ಮಂಜೂರಾದದ್ದು ಒಂದು, ಕೆಳಕ್ಕೆ ಮುಟ್ಟಿದ್ದು ಇನ್ನೊಂದು! ಮರಳು ಜರಡಿ ಹಿಡಿಯುವ ಗೋಬಿ ಬಾಯಿತುಂಬ ಮರಳು ತುಂಬಿ, ಕಿವಿರಿನಿಂದ ಬಿಟ್ಟು, ಉಳಿದ ಹುಳು ತಿನ್ನುತ್ತದೆ. ಹೊಸ ತೊಟ್ಟಿಯ ಮರಳಿನಲ್ಲಿ ಏನಿದೆ? ಬಣ್ಣಬಣ್ಣದ ಮ್ಯಾಂಡರಿನ್ ಮೀನಂತೂ ದಿನವಿಡೀ ಹೆಕ್ಕಿ ತಿನ್ನುವ ಜಾತಿ, ಒಣ ಆಹಾರ ಮುಟ್ಟುವುದೇ ಅಪರೂಪ.

ಅಳಿಯನಿಗೆ ಹೇಳಿದ್ದು ಇಷ್ಟು. ತೊಟ್ಟಿ ಕೆಲವು ತಿಂಗಳು ಹಳೆಯದಾಗಲಿ, ಆಮೇಲೆ ಮೀನು. ಅಂಗಡಿಯಲ್ಲಿ ಅದು ತಿನ್ನುವುದನ್ನು ಕಣ್ಣಾರೆ ನೋಡಿ ಕೊಳ್ಳು. ದಿನಕ್ಕೆ ಎರಡು ಮೂರು ಸಲ, ಪಂಪು ನಿಲ್ಲಿಸಿ, ಸಣ್ಣ ಕೊಳವೆಯಿಂದ ಸಿಗಡಿಯ ಚೂರನ್ನು ಅದರ ಮೂತಿಯ ಹತ್ತಿರವೇ ಬಿಡು. ಬೇಸಿಗೆಯಲ್ಲಿ ನೀರು ಆವಿಯಾದರೆ ಉಪ್ಪು ಅಲ್ಲೇ ಉಳಿಯುತ್ತದೆ, ಹಾಗಾಗಿ ಸಿಹಿನೀರಷ್ಟೇ ಸೇರಿಸು. ಮೇಲೊಂದು ಮುಚ್ಚಳ ಇರಲಿ, ಇವು ಹಾರುತ್ತವೆ. ವಾರಕ್ಕೊಮ್ಮೆ ಹೊಟ್ಟೆ ನೋಡು. ಒಳಕ್ಕೆ ಸೇದಿದ್ದರೆ ಅದು ಉಪವಾಸವಿದೆ ಅಂತಲೇ ತಿಳಿ.

ಮೀನು ಕೂಗಿ ಕೇಳುವುದಿಲ್ಲವಲ್ಲ.