ಅಳಿಯದ ನೊಳಂಬರು, ಜಿಲ್ಲೆಯಲ್ಲಿ ಕರಗಿದ ತಾಲೂಕು

ಮಡಕಶಿರಾ ಸೀಮೆಯ ಹೇಮಾವತಿಯಲ್ಲಿ ಸಿದ್ಧೇಶ್ವರನ ಗರ್ಭಗುಡಿಗೆ ಬಂದವರಿಗೆ ಲಿಂಗ ಕಾಣುವುದಿಲ್ಲ. ಅಲ್ಲಿ ಮನುಷ್ಯರೂಪದ ಶಿವ ಕುಳಿತಿದ್ದಾನೆ. ಅದೇ ಊರಿನ ದೊಡ್ಡೇಶ್ವರ ಗುಡಿಯಲ್ಲಿ ಕಲ್ಲನ್ನೇ ಕೊರೆದು ಮಾಡಿದ ಜಾಲಂಧ್ರಗಳಿವೆ. ಶಿರಾ, ಪಾವಗಡ ಕಡೆಯ ಒಕ್ಕಲುಗಳಿಗೆ ಈ ದೇವರು ಇಂದಿಗೂ ಹೆಂಜೇರು ಸಿದ್ಧೇಶ್ವರ. ಪಾಲು ಹಾಲಾದಂತೆ, ಪೂವು ಹೂವಾದಂತೆ ಶಾಸನಗಳ ಪೆಂಜೆರು ಹೆಂಜೇರಾಯಿತು. ದಾಖಲೆಗಳಲ್ಲಿ ಊರು ಹೇಮಾವತಿಯಾದರೂ ಹರಕೆ ಹೊತ್ತವರ ಬಾಯಲ್ಲಿ ಹಳೆಯ ಹೆಸರೇ ಉಳಿಯಿತು.

ಹೆಂಜೇರು ನೊಳಂಬ ಅರಸರ ರಾಜಧಾನಿಯಾಗಿತ್ತು. ಇಲ್ಲಿನ ಕಂಬದ ಶಾಸನ ಅವರ ವಂಶಾವಳಿಯನ್ನು ಕಂಚಿಯ ಅಧಿಪತಿ ತ್ರಿನಯನ ಪಲ್ಲವನಿಂದ ಆರಂಭಿಸುತ್ತದೆ. ಆಮೇಲೆ ಮಂಗಳ, ಸಿಂಹಪೋತ, ಚಾರುಪೊನ್ನೇರ, ಪೊಳಲ್ಚೋರ, ಮಹೇಂದ್ರರ ಹೆಸರುಗಳು ಬರುತ್ತವೆ. ಸಿಂಹಪೋತನಿಂದೀಚೆಗಿನವರು ಚರಿತ್ರೆಗೆ ಸೇರಿದವರು. ಆದರೆ ಕಂಚಿ ಪಲ್ಲವರ ಸ್ವಂತ ತಾಮ್ರಪಟಗಳಲ್ಲಿ ತ್ರಿನಯನನಿಗೆ ಜಾಗವೇ ಇಲ್ಲ. ಬಾಣರನ್ನು ಸೋಲಿಸಿ ‘ಮಹಾಬಲಿಕುಲ ವಿಧ್ವಂಸಕ’ನೆನಿಸಿಕೊಂಡ ಮಹೇಂದ್ರನ ಮನೆತನಕ್ಕೆ ದೊಡ್ಡ ಮೂಲವೊಂದು ಬೇಕಿತ್ತು, ಆಸ್ಥಾನ ಅದನ್ನು ಕಲ್ಲಿನಲ್ಲಿ ಬರೆಸಿತು.

ಇದಕ್ಕಿಂತ ದೊಡ್ಡ ಮಾತನ್ನು ನೊಳಂಬರ ವೈರಿಗಳು ಬರೆಸಿದರು. ಗಂಗರ ಇಮ್ಮಡಿ ಮಾರಸಿಂಹನಿಗೆ ‘ನೊಳಂಬಕುಲಾಂತಕ’ ಎಂಬ ಬಿರುದು. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬ ಅವನ ದಿಗ್ವಿಜಯಗಳನ್ನು ಹೊಗಳುತ್ತದೆ. ಅವನು ಬಂಕಾಪುರದಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟದ್ದು ಸುಮಾರು 975ರಲ್ಲಿ. ಹಾಗಾದರೆ ಅಲ್ಲಿಗೆ ನೊಳಂಬರು ಮುಗಿದುಹೋದರೇ? ಹನ್ನೊಂದನೆಯ ಶತಮಾನದ ಶಾಸನಗಳಲ್ಲಿ ಜಗದೇಕಮಲ್ಲ ನೊಳಂಬ, ತ್ರೈಲೋಕ್ಯಮಲ್ಲ ನನ್ನಿ ನೊಳಂಬ ಎಂಬ ಮಾಂಡಲಿಕರು ಕಾಣಿಸಿಕೊಳ್ಳುತ್ತಾರೆ. ಜಗದೇಕಮಲ್ಲ ಎಂಬುದು ಕಲ್ಯಾಣ ಚಾಲುಕ್ಯ ಜಯಸಿಂಹನ ಬಿರುದು, ತ್ರೈಲೋಕ್ಯಮಲ್ಲ ಒಂದನೆಯ ಸೋಮೇಶ್ವರನದು. ಒಡೆಯನ ಬಿರುದನ್ನು ಹೆಸರಿಗೆ ಸೇರಿಸಿಕೊಂಡ ಈ ನೊಳಂಬರು ‘ಕುಲಾಂತ’ವಾದ ಎಷ್ಟೋ ದಶಕಗಳ ಮೇಲೂ ಆಳುತ್ತಿದ್ದರು. ಇಲ್ಲಿ ಒಂದು ಎಚ್ಚರಿಕೆ ಬೇಕು: ಮುಂದೆ ಜಯಸಿಂಹ ಎಂಬ ಇನ್ನೊಬ್ಬ ಚಾಲುಕ್ಯ ರಾಜಕುಮಾರನೂ ನೊಳಂಬ ಪಲ್ಲವ ಎಂಬ ಬಿರುದು ಧರಿಸಿದ. ಹೀಗಾಗಿ ಬಿರುದೊಂದೇ ರಕ್ತಸಂಬಂಧಕ್ಕೆ ಸಾಕ್ಷಿಯಾಗದು. ಪ್ರತಿ ಶಾಸನವನ್ನೂ ಬಿಡಿಯಾಗಿ ಓದಬೇಕು.

ಅಂತಕನೆಂದು ಬರೆಸಿದ ಮಾತ್ರಕ್ಕೆ ಕುಲ ಅಳಿಯಲಿಲ್ಲ. ಕಚೇರಿಯ ಕಾಗದದಲ್ಲಿ ಮಾತ್ರ ಭಾಷೆಯೊಂದು ಸದ್ದಿಲ್ಲದೆ ಕರಗಬಲ್ಲದು. ಮಡಕಶಿರಾ ಸೀಮೆಯ ಕನ್ನಡಕ್ಕೆ ಆದದ್ದು ಅದೇ.

1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಈ ಸೀಮೆ ಬ್ರಿಟಿಷರ ಬಳ್ಳಾರಿ ಜಿಲ್ಲೆಯಾಯಿತು. 1882ರಲ್ಲಿ ಅದನ್ನು ಒಡೆದು ಅನಂತಪುರ ಜಿಲ್ಲೆ ಮಾಡಿದರು. ಮಡಕಶಿರಾ ಹೊಸ ಜಿಲ್ಲೆಗೆ ಸೇರಿತು, ರಾಯದುರ್ಗ ಬಳ್ಳಾರಿಯಲ್ಲೇ ಉಳಿಯಿತು. ಅಂದು ಆಡಳಿತದ ಅನುಕೂಲಕ್ಕೆ ಎಳೆದ ಈ ಗೆರೆ ಎಪ್ಪತ್ತು ವರ್ಷಗಳ ಮೇಲೆ ಭಾಷೆಯ ಗೆರೆಯಾಯಿತು.

ಬಳ್ಳಾರಿ ಆಂಧ್ರಕ್ಕೋ ಕರ್ನಾಟಕಕ್ಕೋ ಎಂಬ ವಾದ ತಾಲೂಕುವಾರು ನಡೆಯಿತು. ಕಾಂಗ್ರೆಸ್ಸಿನ ಪ್ರಾಂತ ವಿಂಗಡಣೆಯಲ್ಲಿ ಎನ್.ಸಿ. ಕೇಳ್ಕರ್ 1921ರಲ್ಲಿ ಕೊಟ್ಟ ತೀರ್ಪು ಆದೋನಿ, ಆಲೂರು, ರಾಯದುರ್ಗಗಳನ್ನು ಆಂಧ್ರಕ್ಕೆ ಹಾಕಿತ್ತು. ಆಂಧ್ರ ರಾಜ್ಯ ರಚನೆಯ ಬಗೆಗಿನ ನ್ಯಾಯಮೂರ್ತಿ ವಾಂಛೂ ವರದಿಯ ನಂತರ, 1953ರ ಮಾರ್ಚ್ 25ರಂದು ನೆಹರೂ ಪ್ರಕಟಿಸಿದ ನಿರ್ಧಾರದಲ್ಲಿಯೂ ಇವೇ ಮೂರು ತಾಲೂಕು ಆಂಧ್ರದ ಪಾಲು. ಬಳ್ಳಾರಿ ತಾಲೂಕೊಂದರ ವಿಚಾರಣೆ ನ್ಯಾಯಮೂರ್ತಿ ಮಿಶ್ರಾ ಅವರ ಮುಂದೆ ಹೋಯಿತು. ಅದೇ ವರ್ಷದ ಅಕ್ಟೋಬರ್ 1ರಂದು ರಾಯದುರ್ಗ ಅನಂತಪುರ ಜಿಲ್ಲೆ ಸೇರಿತು. ತುಮಕೂರು ಜಿಲ್ಲೆಯೊಳಕ್ಕೆ ಚಾಚಿಕೊಂಡ ಮಡಕಶಿರಾಕ್ಕಾದರೋ ಇಂಥ ತಾಲೂಕುವಾರು ಲೆಕ್ಕದ ಭಾಗ್ಯವೂ ಸಿಗಲಿಲ್ಲ. 1955ರ ರಾಜ್ಯ ಪುನರ್ವಿಂಗಡಣಾ ಆಯೋಗ ಸಾಮಾನ್ಯವಾಗಿ ಜಿಲ್ಲೆಯನ್ನೇ ಘಟಕವಾಗಿ ಹಿಡಿಯಿತು. ಒಟ್ಟು ಅನಂತಪುರ ತೆಲುಗು ಜಿಲ್ಲೆ. ಅಲ್ಲಿಗೆ ಮಾತು ಮುಗಿಯಿತು. ತೆಲುಗು ಮಾತಾಡುವ ನೆರೆಯವರ ಮೇಲೆ ಇದರ ತಪ್ಪು ಹೊರಿಸುವುದು ಅನ್ಯಾಯ. ಪ್ರಶ್ನಿಸಬೇಕಾದದ್ದು ಎಣಿಸುವ ಮೊದಲೇ ಉತ್ತರವನ್ನು ನಿಗದಿ ಮಾಡಿದ ಆ ಘಟಕವನ್ನು.

2022ರಲ್ಲಿ ಗೆರೆ ಇನ್ನೊಮ್ಮೆ ಸರಿಯಿತು. ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ನಿಂತಿತು.

ನೊಳಂಬರ ಶಾಸನಗಳನ್ನೂ ಇದೇ ಗೆರೆಗಳು ಹಂಚಿವೆ. ಶಿರಾ, ಪಾವಗಡದ ಕಲ್ಲುಗಳಿಗೆ ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟ ತೆರೆಯಬೇಕು. ಬಳ್ಳಾರಿ, ಅನಂತಪುರ ಜಿಲ್ಲೆಗಳ ಕಲ್ಲುಗಳಿಗೆ ಆರ್. ಶಾಮಶಾಸ್ತ್ರಿ, ಎನ್. ಲಕ್ಷ್ಮೀನಾರಾಯಣ ರಾವ್ ಸಂಪಾದಿಸಿದ ದಕ್ಷಿಣ ಭಾರತ ಶಾಸನಗಳ 9ನೆಯ ಸಂಪುಟ. ಅದರ ಮೊದಲ ಭಾಗ ಹೊರಬಂದದ್ದು 1939ರಲ್ಲಿ, ಗಡಿ ಗೊತ್ತುಮಾಡುವುದಕ್ಕೆ ಹದಿನಾಲ್ಕು ವರ್ಷ ಮೊದಲು. ಸರ್ಕಾರವೇ ಅಚ್ಚು ಹಾಕಿಸಿದ ಆ ಪುಸ್ತಕದ ಮುಖಪುಟದಲ್ಲಿರುವ ಹೆಸರು: ಮದ್ರಾಸ್ ಪ್ರೆಸಿಡೆನ್ಸಿಯ ಕನ್ನಡ ಶಾಸನಗಳು.