ಬುಟ್ಟಿಯಲ್ಲಿ ಬರುವ ಜೋಕುಮಾರ, ಬೆರಳುದ್ದದ ಉಣ್ಣೆ ಭೂತ

ಬಸ್ಸಲ್ಲಿದ್ದೀರೋ ಹಾಸ್ಟೆಲ್ ರೂಮಲ್ಲಿದ್ದೀರೋ, ಇಯರ್‌ಫೋನ್ ಹಾಕ್ಕೊಳ್ಳಿ. ಇವತ್ತಿನ ಕಥೆ ಶುರುವಾಗೋದು ಬೆರಳುದ್ದದ ಒಂದು ಭೂತದಿಂದ.

ಬೆಂಗಳೂರಿನಲ್ಲಿರೋ ನನ್ನ ಗೆಳತಿಯೊಬ್ಬಳು ಅಕ್ಟೋಬರ್ ಬಂತೆಂದರೆ ಹೆಣಿಗೆ ಕಡ್ಡಿ ಹಿಡಿದು ಕೂರುತ್ತಾಳೆ. ಒಂದು ಗೊಂಬೆಗೆ ಒಂದೇ ಕಣ್ಣು, ಇನ್ನೊಂದಕ್ಕೆ ಮೂರು ಕೊಂಬು, ಮತ್ತೊಂದಕ್ಕೆ ಬಾಯಿ ತುಂಬ ಹಲ್ಲು. ಹ್ಯಾಲೋವೀನ್ ಸಂಜೆ ಅಪಾರ್ಟ್‌ಮೆಂಟಿನ ಮಕ್ಕಳು ಬಾಗಿಲು ತಟ್ಟಿದಾಗ ಚಾಕೊಲೇಟ್ ಜೊತೆ ಒಂದೊಂದು ಕೊಡ್ತಾಳೆ. ಅವಳ ಅಮ್ಮ ಚಳ್ಳಕೆರೆ ಕಡೆಯವರು. ಗೊಂಬೆ ನೋಡಿ ಅವರು ಅಂದದ್ದು: "ಇದೇನೇ, ಜೋಕುಮಾರನ ಮರಿ ಇದ್ದಂಗೈತಲ್ಲ!"

ಆ ಮಾತು ಹಿಡ್ಕೊಂಡು ನಾವು ಮೊಳಕಾಲ್ಮುರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟಕ್ಕೆ ಹೋಗೋಣ. ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನನ್ನು ತಡೆದ ಜಟಾಯು ಬಿದ್ದದ್ದು ಇಲ್ಲೇ ಅನ್ನೋದು ಸ್ಥಳಪುರಾಣ. ದೇವಸ್ಥಾನದ ಮೆಟ್ಟಿಲ ಹತ್ತಿರದ ಬಂಡೆ ಮೇಲೆ ಅಶೋಕನ ಶಾಸನ ಇದೆ. 1892ರಲ್ಲಿ ಬಿ.ಎಲ್. ರೈಸ್ ಬ್ರಹ್ಮಗಿರಿ, ಸಿದ್ದಾಪುರದ ಶಾಸನಗಳ ಜೊತೆ ಇದನ್ನೂ ಪತ್ತೆ ಮಾಡಿದರು. ಊರವರಿಗೆ ಮಾತ್ರ ಅದು ಬಳೆಗಾರರ ಗುಂಡು, ಯಾಕಂದ್ರೆ ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದದ್ದು ಅಲ್ಲೇ. ಚಕ್ರವರ್ತಿಯ ಆಜ್ಞೆಯ ಮೇಲೆ ಗಾಜಿನ ಬಳೆ! ಈ ಶಾಸನಗಳನ್ನು ಬರೆದ ಲಿಪಿಕಾರನ ಹೆಸರು ಚಪಡ. ಸುಮಾರು 2,200 ವರ್ಷದ ಹಿಂದಿನ ಒಬ್ಬ ಕೈಕೆಲಸದವನ ಹೆಸರು ನಮಗೆ ಗೊತ್ತು. ಇದನ್ನ ನೆನಪಲ್ಲಿಟ್ಕೊಳ್ಳಿ.

ಮೇಲಿಂದ ನೋಡಿದರೆ ಸುತ್ತ ಬಯಲು. ಮೊಳಕಾಲ್ಮುರು, ಚಳ್ಳಕೆರೆ ಎರಡೂ ರಾಜ್ಯದಲ್ಲೇ ತೀರ ಕಡಿಮೆ ಮಳೆ ಬೀಳುವ ತಾಲ್ಲೂಕುಗಳು. ಬೆಳೆ ಕೈಕೊಟ್ಟರೂ ಕುರಿ ಕೈಬಿಡಲ್ಲ. ಹೆಂಗಸರು ಉಣ್ಣೆ ನೂತು, ಗಂಡಸರು ಗುಂಡಿ ಮಗ್ಗದಲ್ಲಿ ನೇಯ್ದು, ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಮಾಡುವ ಕರಿ ಕಂಬಳಿ ಈ ಸೀಮೆಯ ಗುರುತು. ಆದರೆ ಇಷ್ಟೊಂದು ಉಣ್ಣೆ ಇರುವ ಕಡೆ, ಮನೆ ಮನೆಗೆ ಬರುವ ವಿಕಾರ ಮುಖದ ಗೊಂಬೆ ಮಾತ್ರ ಮಣ್ಣಿನದು. ಯಾಕೆ?

ಚಿತ್ರದುರ್ಗ, ಬಳ್ಳಾರಿಯಿಂದ ಉತ್ತರ ಕರ್ನಾಟಕದವರೆಗೂ ಜೋಕುಮಾರ ಗೊತ್ತು. ಭಾದ್ರಪದದಲ್ಲಿ ಗಣಪತಿ ಬಂದುಹೋದ ಮೇಲೆ ಅಷ್ಟಮಿಯ ದಿನ ಇವನು ಹುಟ್ತಾನೆ. ಅಗಲ ಮುಖ, ಅರಳಿದ ಕಣ್ಣು, ತೆರೆದ ಬಾಯಿ, ಹುರಿ ಮೀಸೆ. ಸೊಂಟದ ಕೆಳಗೂ ಮುಚ್ಚುಮರೆ ಇಲ್ಲ, ಬೇವಿನ ಸೊಪ್ಪೇ ಅವನ ಮಾನ ಕಾಯಬೇಕು. ಬಾಯಿಗೆ ಬೆಣ್ಣೆ ಮೆತ್ತಿ, ಬುಟ್ಟಿಯಲ್ಲಿ ಕೂರಿಸಿ, ಹೆಂಗಸರು ತಲೆ ಮೇಲೆ ಹೊತ್ತು ಹಾಡು ಹೇಳ್ತಾ ಮನೆ ಮನೆಗೆ ಹೋಗ್ತಾರೆ. ಮನೆಯವರು ಮೊರದಲ್ಲಿ ಜೋಳ, ಮೆಣಸಿನಕಾಯಿ, ಉಪ್ಪು ತಂದು ಹಾಕ್ತಾರೆ. ವಾಪಸ್ಸು ಸಿಗೋದು ಬೇವಿನ ಎಲೆ, ಚೂರು ಕಾಡಿಗೆ, ಕೆಲವು ಕಡೆ ಅಂಬಲಿ. ರೈತರು ಅದನ್ನ ಹೊಲಕ್ಕೆ ಚೆಲ್ತಾರೆ. ಚಂದ್ರಶೇಖರ ಕಂಬಾರರು 1972ರ 'ಜೋಕುಮಾರಸ್ವಾಮಿ' ನಾಟಕಕ್ಕೆ ಎತ್ತಿಕೊಂಡದ್ದು ಇದೇ ಆಚರಣೆಯನ್ನ.

ಹ್ಯಾಲೋವೀನಿನ ಹಳೇ ರೂಪವೂ ಇದರಿಂದ ತೀರಾ ದೂರವೇನಲ್ಲ. ಸ್ಕಾಟ್ಲೆಂಡ್, ಐರ್ಲೆಂಡ್‌ನಲ್ಲಿ ಮಕ್ಕಳು ವೇಷ ಹಾಕಿ, ಟರ್ನಿಪ್ ಗಡ್ಡೆ ಕೊರೆದ ದೀಪ ಹಿಡಿದು, ಹಾಡಿ ಕುಣಿದು ಹಣ್ಣು ಕಾಯಿ ಪಡೀತಿದ್ದರು. ಕುಂಬಳಕಾಯಿ ಬಂದದ್ದು ಅಮೆರಿಕಕ್ಕೆ ವಲಸೆ ಹೋದ ಮೇಲೆ. ಇದರಿಂದ ಅದು ಬಂತು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗಂತ ವಾಟ್ಸಾಪಲ್ಲಿ ಫಾರ್ವರ್ಡ್ ಮಾಡಬೇಡಿ.

ಈಗ ಮಣ್ಣಿನ ವಿಷಯ. ಜೋಕುಮಾರನ ಆಯಸ್ಸು ಏಳೇ ದಿನ. ಹುಣ್ಣಿಮೆ ರಾತ್ರಿ ಅವನು ಸಾಯಲೇಬೇಕು. ಅಗಸರ ಹುಡುಗಿಯ ಮೇಲೆ ಕಣ್ಣು ಹಾಕಿ ಸತ್ತ ಅನ್ನೋದು ಕಥೆ. ಗೊಂಬೆಯನ್ನ ಹಳ್ಳದ ದಂಡೆಗೆ ಒಯ್ದು, ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ಕುಟ್ಟಿ ಒಡೀತಾರೆ. ಆಮೇಲೆ ಮೂರು ದಿನ ಅಗಸರು ಆ ಕಲ್ಲಿನ ಕಡೆ ಹೋಗೋದಿಲ್ಲ, ಅವನು ನರಳೋದು ಕೇಳಿಸುತ್ತೆ ಅಂತ. ಜನ ಹೇಳೋ ಪ್ರಕಾರ, ಹೊಟ್ಟೆ ತುಂಬ ಕಡುಬು ತಿಂದು ಹೋದ ಗಣಪ ಶಿವನ ಹತ್ತಿರ 'ಭೂಲೋಕ ಸುಖವಾಗಿದೆ' ಅಂತಾನೆ. ಮಳೆ ಇಲ್ಲ, ಬೆಳೆ ಒಣಗಿದೆ ಅಂತ ನಿಜ ಹೇಳೋನು ಜೋಕುಮಾರ. ಚಂದದ ದೇವರಿಂದ ಆಗದ ಕೆಲಸ ಈ ವಿಕಾರದವನದು. ಒಡೆದು ಮಣ್ಣಾದರೇನೇ ಅವನು ಅಲ್ಲಿಗೆ ತಲುಪೋದು. ಉಣ್ಣೆ ಗೊಂಬೆ ಒಡೆಯೋದಿಲ್ಲ, ನೀರಲ್ಲಿ ಕರಗೋದೂ ಇಲ್ಲ.

ಇಲ್ಲೊಂದು ಕಹಿ ಮಾತೂ ಇದೆ. ಮಳೆ ಬೇಕಾಗಿರೋದು ಇಡೀ ಊರಿಗೆ. ಬುಟ್ಟಿ ಹೊರೋದು ಮಾತ್ರ ಬಾರಿಕರ, ಗಂಗಾಮತಸ್ಥರ ಒಂದೆರಡು ಮನೆಯ ಹೆಂಗಸರು. ಹಿಂದಿನಿಂದ ಬಂದ ಜಾತಿಯ ಹಂಚಿಕೆ ಅದು. ಆ ಮನೆಯ ಹುಡುಗಿ ಕಾಲೇಜಿಗೆ ಹೋದ ಮೇಲೆ 'ನಾನು ಹೊರಲ್ಲ' ಅಂದರೆ, ಸಂಪ್ರದಾಯ ಹಾಳಾಯ್ತು ಅಂತ ನಾವು ಗೋಳಾಡೋದು ನನಗೆ ಸರಿ ಕಾಣಲ್ಲ. ಜೋಳದ ಮೊರ ಹಿಡಿದು ಬಾಗಿಲಲ್ಲಿ ನಿಂತಿರೋರಿಗೆ ಅದು ಹಬ್ಬ, ತಲೆ ಮೇಲೆ ಬುಟ್ಟಿ ಇರೋಳಿಗೆ ಅದು ಭಾರ.

ಬೆಟ್ಟದ ಬಂಡೆಯಲ್ಲಿ ಚಪಡನ ಹೆಸರು ಉಳೀತು ಅಂದೆನಲ್ಲ? ವರ್ಷ ವರ್ಷ ಜೋಕುಮಾರನನ್ನ ತಿದ್ದಿದ ಕೈಗಳ ಹೆಸರು ಎಲ್ಲೂ ಬರೆದಿಟ್ಟಿಲ್ಲ. ಗೊಂಬೆಯೂ ಉಳಿಯಲ್ಲವಲ್ಲ, ಮ್ಯೂಸಿಯಂನಲ್ಲಿ ಹುಡುಕಿದರೆ ಏನು ಸಿಗುತ್ತೆ?

ಗೆಳತಿ ಈ ಸಲ ಅಮ್ಮನಿಗೂ ಒಂದು ಹೆಣೆದು ಕೊಟ್ಟಳು, ಕರಿ ನೂಲಿಂದು, ದೊಡ್ಡ ಮೀಸೆ ಇಟ್ಟು. ಅವರು ಅದನ್ನ ತಿರುಗಿಸಿ ನೋಡಿ ಕೇಳಿದರಂತೆ: "ಹುಣ್ಣಿಮೆಗೆ ಇದನ್ನ ಏನ್ ಮಾಡ್ತೀಯವ್ವ?" ಈಗ ಅದು ಅವರ ಬೀರುವಿನ ಕೀಲಿಕೈ ಗೊಂಚಲಲ್ಲಿದೆ.

ನಿಮ್ಮೂರಲ್ಲಿ ಜೋಕುಮಾರ ಬರ್ತಾನಾ? ಜೋಳ ಹಾಕಿದರೆ ತಿರುಗಿ ಏನು ಕೊಡ್ತಾರೆ? ಅಜ್ಜಿಯ ಹತ್ತಿರ ಕೇಳಿ, ಅವರ ದನಿಯಲ್ಲೇ ಒಂದು ವಾಯ್ಸ್ ಮೆಸೇಜ್ ಕಳಿಸಿ.